ಹಳೆಯ ಜಾವಾ, ಯೆಜ್ಡಿ, ಬುಲೆಟ್‌ಗಳ ವಿಂಡ್‌ಶೀಲ್ಡ್: ಇರುವುದನ್ನು ಉಳಿಸುವುದು, ಇಲ್ಲದ್ದನ್ನು ಮಾಡಿಕೊಳ್ಳುವುದು

ಅಟ್ಟದಿಂದ ಇಳಿಸಿದಾಗ ಅದು ಹಳೇ ಪಂಚೆಯಲ್ಲಿ ಸುತ್ತಿತ್ತು. ದೊಡ್ಡಪ್ಪನ ಜಾವಾ ಬೈಕಿನ ವಿಂಡ್‌ಶೀಲ್ಡ್, ಅಂದರೆ ಹ್ಯಾಂಡಲ್ ಮುಂದೆ ಗಾಳಿ ತಡೆಯುವ ಪಾರದರ್ಶಕ ಹಾಳೆ. ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಎರಡು ಬೋಲ್ಟ್ ತೂತುಗಳಿಂದ ಬಿರುಕು ಮೇಲಕ್ಕೆ ಹತ್ತಿತ್ತು, ಒಂದು ಮೂಲೆ ಮುರಿದೇ ಹೋಗಿತ್ತು. ನಾನು ಗುಜರಿ ಚೀಲದ ಕಡೆ ನೋಡಿದೆ. ದೊಡ್ಡಪ್ಪ ತಕ್ಷಣ, "ಅದನ್ನ ಎಸೆದುಬಿಡಬೇಡ ಕಣೋ, ಅಳತೆಗಾದ್ರೂ ಬೇಕಾಗುತ್ತೆ" ಅಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಆ ಒಡೆದ ಹಾಳೆ ಇಲ್ಲದಿದ್ದರೆ ಹೊಸದನ್ನು ಸರಿಯಾಗಿ ಮಾಡಲು ನನ್ನಿಂದ ಆಗುತ್ತಲೇ ಇರಲಿಲ್ಲ.

ಜಾವಾ, ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ಪಿಸ್ಟನ್, ಕೇಬಲ್, ಟ್ಯಾಂಕಿನ ರಬ್ಬರ್ ಇವೆಲ್ಲ ಹುಡುಕಿದರೆ ಸಿಗುತ್ತವೆ. ವಿಂಡ್‌ಶೀಲ್ಡ್ ವಿಷಯ ಬೇರೆ. ಅದನ್ನು ಎಷ್ಟೋ ಜನ ಗಾಡಿ ಕೊಂಡ ಮೇಲೆ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿಕೊಂಡವರು. ಒಂದೊಂದು ಊರಲ್ಲಿ ಒಂದೊಂದು ಅಳತೆ, ಒಂದೊಂದು ಬಾಗು. ಹಾಗಾಗಿ "ಜಾವಾ ವಿಂಡ್‌ಶೀಲ್ಡ್ ಕೊಡಿ" ಅಂತ ಕೇಳಿ ತರುವ ವಸ್ತು ಇದಲ್ಲ. ನಾವೇ ಮಾಡಿಕೊಳ್ಳಬೇಕು. ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಮಾಡಿದರೆ ಕೆಡುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು ಮನಸ್ಸಲ್ಲಿಟ್ಟುಕೊಳ್ಳಿ. ಈ ಪ್ಲಾಸ್ಟಿಕ್ ಹಾಳೆಗಳು ಬರೀ ವಯಸ್ಸಾಗಿ ಬಿರುಕು ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ಬಿಗಿಯಿಂದ ಬಿಡುತ್ತವೆ. ಬಾಗಿಸುವಾಗ ಸೇರಿದ ಬಿಗಿ, ತೂತು ಕೊರೆಯುವಾಗ ಸೇರಿದ ಬಿಗಿ, ಬೋಲ್ಟನ್ನು ಜಾಸ್ತಿ ತಿರುಗಿಸಿದಾಗ ಸೇರಿದ ಬಿಗಿ. ಅದರ ಮೇಲೆ ಯಾವತ್ತೋ ಒಂದು ದಿನ ಪೆಟ್ರೋಲೋ ಥಿನ್ನರೋ ತಾಗಿತು ಅಂದರೆ ಕೂದಲೆಳೆಯಂಥ ಬಿರುಕುಗಳು ಒಮ್ಮೆಲೇ ಕಾಣಿಸಿಕೊಳ್ಳುತ್ತವೆ. ಮುಂದೆ ನಾನು ಹೇಳುವ ಪ್ರತಿ ಹಂತವೂ ಈ ಬಿಗಿಯನ್ನು ದೂರ ಇಡುವುದಕ್ಕೇ ಇದೆ.

ಕೈಯಲ್ಲಿರುವುದು ಯಾವ ಪ್ಲಾಸ್ಟಿಕ್?

ಹಳೇ ವಿಂಡ್‌ಶೀಲ್ಡ್‌ಗಳನ್ನು ಎಲ್ಲರೂ "ಗ್ಲಾಸು" ಅಂತಲೇ ಕರೆಯುತ್ತಾರೆ. ನಮ್ಮ ಕಡೆಯ ಗಾಡಿಗಳಲ್ಲಿ ಸಿಗುವುದು ಬಹುಮಟ್ಟಿಗೆ ಅಕ್ರಿಲಿಕ್. ಪರ್ಸ್ಪೆಕ್ಸ್, ಪ್ಲೆಕ್ಸಿಗ್ಲಾಸ್ ಅನ್ನುವುದೆಲ್ಲ ಅದರದೇ ಬ್ರ್ಯಾಂಡ್ ಹೆಸರುಗಳು, 1930ರ ದಶಕದಿಂದಲೂ ಇವೆ. ಆಮೇಲೆ ಬಂದದ್ದು ಪಾಲಿಕಾರ್ಬೊನೇಟ್. ಎರಡನೇ ಮಹಾಯುದ್ಧಕ್ಕೂ ಹಿಂದಿನ ಗಾಡಿ ನಿಮ್ಮಲ್ಲಿದ್ದರೆ ಸೆಲ್ಯುಲಾಯ್ಡ್ ಕೂಡ ಇರಬಹುದು.

ಗುರುತಿಸುವುದು ಸುಲಭ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಅಕ್ರಿಲಿಕ್ ಟಿಕ್ ಟಿಕ್ ಅಂತ ಗಟ್ಟಿ ಸದ್ದು ಕೊಡುತ್ತದೆ, ಪಾಲಿಕಾರ್ಬೊನೇಟ್ ಸದ್ದು ಮಂಕು. ಸೆಲ್ಯುಲಾಯ್ಡ್ ಆದರೆ ಅಂಚನ್ನು ಬೆರಳಿಂದ ಜೋರಾಗಿ ಉಜ್ಜಿ ಮೂಸಿ, ಕರ್ಪೂರದ ವಾಸನೆ ಬರುತ್ತದೆ. ಅದು ಬಂದರೆ ಅಲ್ಲಿಗೇ ನಿಲ್ಲಿಸಿ. ಸೆಲ್ಯುಲಾಯ್ಡ್ ಬಹಳ ಬೇಗ ಹೊತ್ತಿಕೊಳ್ಳುವ ವಸ್ತು. ಅದಕ್ಕೆ ಬಿಸಿ, ಬಫಿಂಗ್ (ಮೆಷಿನ್ನಿನಲ್ಲಿ ತಿಕ್ಕಿ ಹೊಳಪು ಮಾಡುವುದು) ಯಾವುದೂ ಬೇಡ. ಗಾಳಿಯಾಡುವ ತಂಪು ಜಾಗದಲ್ಲಿಟ್ಟು ಮಾದರಿಯಾಗಿ ಮಾತ್ರ ಬಳಸಿ.

ಕರ್ಪೂರದ ವಾಸನೆ ಇಲ್ಲ, ಆದರೂ ಅನುಮಾನ ಹೋಗಲಿಲ್ಲ ಅಂದರೆ ಮುರಿದ ಅಂಚಿನಿಂದ ಉಗುರಿನಷ್ಟು ಚೂರು ತೆಗೆದು, ಮನೆಯಿಂದ ಹೊರಗೆ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಅಕ್ರಿಲಿಕ್ ಚಟಚಟ ಅನ್ನುತ್ತಾ ಉರಿಯುತ್ತಲೇ ಇರುತ್ತದೆ, ಹಣ್ಣಿನಂಥ ಸಿಹಿ ವಾಸನೆ. ಪಾಲಿಕಾರ್ಬೊನೇಟ್ ಕಪ್ಪು ಹೊಗೆ ಬಿಟ್ಟು, ಬೆಂಕಿ ತೆಗೆದರೆ ತಾನೇ ಆರುತ್ತದೆ.

ಉಳಿಸುವುದಾ, ಬದಲಿಸುವುದಾ?

ಹಾಳೆಯನ್ನು ಸೋಪಿನ ನೀರಲ್ಲಿ ತೊಳೆದು ಬಿಸಿಲಿಗೆ ಅಡ್ಡ ಹಿಡಿದು ನೋಡಿ. ಗೀರುಗಳು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಉಳಿಸಬಹುದು. ಮಂಜು ಹಿಡಿದ ಹಾಗೆ ಕಂಡರೂ ಉಳಿಸಬಹುದು. ಆದರೆ ಬೆಳಕನ್ನು ಓರೆಯಾಗಿ ಬಿಟ್ಟಾಗ ಒಳಗೆಲ್ಲ ಬೆಳ್ಳಿ ಎಳೆಗಳಂತೆ ಸಾವಿರ ಗೆರೆ ಹೊಳೆದರೆ ಅದರ ಕತೆ ಮುಗಿಯಿತು. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ, ಎದುರಿಂದ ಲಾರಿ ಹೆಡ್‌ಲೈಟ್ ಬಿದ್ದರೆ ಕಣ್ಣ ಮುಂದೆ ಬರೀ ಬಿಳಿ. ಅಂಥದ್ದನ್ನು ಹಾಕಿಕೊಂಡು ರಾತ್ರಿ ಓಡಿಸಬೇಡಿ. ಇಡೀ ದಪ್ಪಕ್ಕೂ ಹಳದಿ ಇಳಿದಿದ್ದರೆ ಅದನ್ನೂ ತೆಗೆಯಲು ಆಗುವುದಿಲ್ಲ.

ಬಿರುಕು ಒಂದೋ ಎರಡೋ ಇದ್ದು, ಅದೂ ಕಣ್ಣಿನ ನೇರಕ್ಕೆ ಬಾರದ ಕೆಳಭಾಗದಲ್ಲಿದ್ದರೆ ನಿಲ್ಲಿಸಬಹುದು. ಬಿರುಕು ಮುಗಿಯುವ ಜಾಗ ಹುಡುಕಿ ಅಲ್ಲೇ 3 ಮಿ.ಮೀ. ತೂತು ಕೊರೆಯಿರಿ. ಚೂಪಾದ ತುದಿ ದುಂಡಗಾಗುತ್ತದೆ, ಬಿರುಕು ಮುಂದಕ್ಕೆ ಓಡುವುದು ನಿಲ್ಲುತ್ತದೆ. ನೇಮ್‌ಬೋರ್ಡ್ ಮಾಡುವವರು ಅಕ್ರಿಲಿಕ್ ಅಂಟಿಸಲು ಕ್ಲೋರೋಫಾರ್ಮ್ ಬಳಸುತ್ತಾರೆ, ಸಿರಿಂಜಿನಲ್ಲಿ ಒಂದು ಹನಿ ಬಿಟ್ಟರೆ ಸಂದಿಯೊಳಗೆ ತಾನೇ ಹರಿದುಹೋಗಿ ಎರಡೂ ಅಂಚು ಬೆಸೆದುಕೊಳ್ಳುತ್ತವೆ. ಗಟ್ಟಿಮುಟ್ಟಾದ ಹಾಳೆಗೆ ಇದು ಸರಿ. ಆಗಲೇ ಕೂದಲೆಳೆ ಬಿರುಕು ತುಂಬಿದ ಹಳೇ ಹಾಳೆಗೆ ಬಿಟ್ಟರೆ ಹನಿ ಬಿದ್ದ ಸುತ್ತ ಹೊಸ ಬಿರುಕು ಹುಟ್ಟುತ್ತದೆ. ಅದರ ಆವಿ ಕುಡಿಯುವುದು ಆರೋಗ್ಯಕ್ಕೂ ಕೆಟ್ಟದ್ದು, ಗಾಳಿಯಲ್ಲಿ ನಿಂತು ಮಾಡಿ, ಇಲ್ಲವೇ ಅವರ ಕೈಲೇ ಮಾಡಿಸಿ.

ಉಜ್ಜಿ ಹೊಳಪು ತರುವುದು

ಅಕ್ರಿಲಿಕ್‌ನ ದೊಡ್ಡ ಗುಣ ಅಂದರೆ ಅದನ್ನು ಉಜ್ಜಿ ಮತ್ತೆ ಪಾರದರ್ಶಕ ಮಾಡಬಹುದು. ಪೇಂಟ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ ಸಾಕು. ನಂಬರ್ ಏರಿದಷ್ಟೂ ಕಾಗದ ನುಣುಪು. ಉಗುರಿಗೆ ಸಿಗುವಷ್ಟು ಆಳದ ಗೀರಿದ್ದರೆ 400 ನಂಬರಿನಿಂದ ಶುರು ಮಾಡಿ, ಇಲ್ಲದಿದ್ದರೆ 800ರಿಂದ. ಆಮೇಲೆ 1000, 1500, 2000. ಬಕೆಟ್ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಕಾಗದವನ್ನು ಅದರಲ್ಲಿ ನೆನೆಸಿ, ರಬ್ಬರ್ ತುಂಡಿಗೆ ಸುತ್ತಿ ಉಜ್ಜಿ. ಒಂದು ನಂಬರಿಗೆ ಉದ್ದುದ್ದ ಉಜ್ಜಿದರೆ ಮುಂದಿನ ನಂಬರಿಗೆ ಅಡ್ಡಡ್ಡ. ಹಿಂದಿನ ಗೆರೆಗಳು ಪೂರ್ತಿ ಮಾಯವಾದವಾ ಅನ್ನುವುದು ಹೀಗೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಪ್ರತಿ ಸಲ ಕಾಗದ ಬದಲಿಸುವಾಗ ಬಕೆಟ್ ನೀರನ್ನೂ ಚೆಲ್ಲಿ. ಹಳೇ ಕಾಗದದ ಒಂದು ಕಣ ಉಳಿದರೂ ಗಂಟೆಗಟ್ಟಲೆ ಕೆಲಸ ಹಾಳು.

ಒಂದೇ ಗೀರನ್ನು ಹಿಡಿದು ಅಲ್ಲೇ ತೋಡಬೇಡಿ. ಅಲ್ಲಿ ತಗ್ಗಾಗುತ್ತದೆ, ಆ ತಗ್ಗಿನ ಮೂಲಕ ನೋಡಿದರೆ ರಸ್ತೆ ಅಲೆಅಲೆಯಾಗಿ ಕಾಣುತ್ತದೆ. ಅಂಗೈಯಗಲಕ್ಕಿಂತ ದೊಡ್ಡ ಜಾಗವನ್ನು ಸಮನಾಗಿ ಉಜ್ಜಿ.

2000 ಮುಗಿದಾಗ ಹಾಳೆ ಪೂರ್ತಿ ಹಾಲುಬಿಳಿ ಆಗಿರುತ್ತದೆ. ಗಾಬರಿಯಾಗಬೇಡಿ. ಈಗ ಹಳೇ ಬನೀನಿನ ಬಟ್ಟೆಗೆ ಕಾರ್ ಪೇಂಟಿನ ರಬ್ಬಿಂಗ್ ಕಾಂಪೌಂಡ್ ಹಚ್ಚಿಕೊಂಡು ಸುತ್ತಿ ಸುತ್ತಿ ತಿಕ್ಕಿ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ಮಂಜಿನ ಮಧ್ಯೆ ಒಂದು ಕಿಟಕಿ ತೆರೆದ ಹಾಗೆ ಆಚೆ ಬದಿಯ ನಿಮ್ಮದೇ ಬೆರಳು ಕಾಣಿಸಲು ಶುರುವಾಗುತ್ತದೆ. ಆ ಕ್ಷಣ ನನಗೆ ಈಗಲೂ ತುಂಬಾ ಇಷ್ಟ. ಬಫಿಂಗ್ ಮೆಷಿನ್ ಬಳಸುವುದಾದರೆ ಕಡಿಮೆ ವೇಗದಲ್ಲಿ, ಮೆತ್ತನೆ ಪ್ಯಾಡಿನಲ್ಲಿ, ಒಂದೇ ಕಡೆ ನಿಲ್ಲಿಸದೆ ಓಡಿಸಿ. ಹಾಳೆ ಕೈಗೆ ಬಿಸಿ ಹತ್ತಿದರೆ ನಿಲ್ಲಿಸಿ.

ಪಾಲಿಕಾರ್ಬೊನೇಟ್‌ಗೆ ಇದೆಲ್ಲ ನಡೆಯುವುದಿಲ್ಲ. ಅದರ ಮೇಲೆ ಗೀರು ತಡೆಯುವ ಲೇಪ ಇದ್ದರೆ ಉಜ್ಜಿದ ಕೂಡಲೇ ಅದು ಹೋಗುತ್ತದೆ, ಒಳಗಿನದು ಇನ್ನೂ ಮೆತ್ತಗೆ. ಅದು ಮಂಕಾದರೆ ಬದಲಿಸುವುದೇ ದಾರಿ.

ಬೇರೆಯವರ ಕೈಗೆ ಕೊಡುವಾಗ ಎಚ್ಚರ ಇರಲಿ. ನಾನು ಮೊದಲು ಉಳಿಸಿದ್ದ ಒಂದು ಬುಲೆಟ್ ಶೀಲ್ಡನ್ನು ಪೇಂಟಿಂಗಿಗೆ ಅಂತ ಗಾಡಿಯ ಜತೆಗೇ ಒಂದು ಕಡೆ ಬಿಟ್ಟಿದ್ದೆ. ಅಲ್ಲಿ ಯಾರೋ ಪೇಂಟಿನ ಹನಿ ಒರೆಸಲು ಥಿನ್ನರ್ ಬಟ್ಟೆ ಆಡಿಸಿದ್ದರು. ಎರಡು ದಿನ ಕಷ್ಟಪಟ್ಟು ತಂದಿದ್ದ ಹೊಳಪು ಹೋಗಿ ಬೋಲ್ಟ್ ಸುತ್ತ ಜೇಡರ ಬಲೆ ಮೂಡಿತ್ತು. ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಗಾಡಿ ಎಲ್ಲೇ ಬಿಡಲಿ, ಶೀಲ್ಡ್ ಬಿಚ್ಚಿ ಮನೆಯಲ್ಲಿಟ್ಟೇ ಹೋಗುತ್ತೇನೆ.

ಹೊಸದಕ್ಕೆ ಅಳತೆ

ಹಳೇ ಹಾಳೆ ಚೂರಾಗಿದ್ದರೂ ಸರಿ, ಚೂರುಗಳನ್ನು ಒಳಗಡೆಯಿಂದ ಸೆಲೋಟೇಪ್ ಹಾಕಿ ಜೋಡಿಸಿ. ಅದರ ಮೇಲೆ ದಪ್ಪ ಕಂದು ಕಾಗದ ಬಾಗಿಸಿ ಹಿಡಿದು ಅಂಚು ಮತ್ತು ತೂತುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಕಾಗದ ಬಿಡಿಸಿದರೆ ಚಪ್ಪಟೆ ನಕ್ಷೆ ಸಿಕ್ಕಿತು. ಕಾಗದ ಎಲ್ಲೂ ಸುಕ್ಕಾಗದೆ ಕೂತರೆ ನಿಮ್ಮದು ಒಂದೇ ದಿಕ್ಕಿಗೆ ಬಾಗಿರುವ ಶೀಲ್ಡ್. ಕೆಲಸ ಅರ್ಧ ಹಗುರ. ಸುಕ್ಕಾದರೆ ಅದು ಎರಡೂ ದಿಕ್ಕಿಗೆ ಉಬ್ಬಿದೆ ಅಂತ ಅರ್ಥ, ಅದಕ್ಕೆ ಬಿಸಿ ಹಾಳೆಯನ್ನು ಗಾಳಿ ಎಳೆದು ಅಚ್ಚಿಗೆ ಕೂರಿಸುವವರು (ವ್ಯಾಕ್ಯೂಮ್ ಫಾರ್ಮಿಂಗ್) ಬೇಕು, ಮನೆಯಲ್ಲಿ ಮಾಡುವ ಕೆಲಸವಲ್ಲ. ನಾನಿಲ್ಲಿ ಹೇಳುತ್ತಿರುವುದು ಒಂದೇ ದಿಕ್ಕಿನ ಬಾಗಿಗೆ.

ಇನ್ನು ಬಾಗಿನ ಲೆಕ್ಕ. ಶೀಲ್ಡನ್ನು ಬೋರಲು ಹಾಕಿ, ಎರಡು ಅಂಚಿನ ನಡುವಿನ ನೇರ ದೂರ ಅಳೆಯಿರಿ. ನಡುವಿನಲ್ಲಿ ಎಷ್ಟು ಎತ್ತರ ಇದೆ ಅದನ್ನೂ ಅಳೆಯಿರಿ. ನೇರ ದೂರವನ್ನು ಅದರಿಂದಲೇ ಗುಣಿಸಿ, ಎತ್ತರದ ಎಂಟರಷ್ಟರಿಂದ ಭಾಗಿಸಿ, ಬಂದದ್ದಕ್ಕೆ ಎತ್ತರದ ಅರ್ಧ ಸೇರಿಸಿ. ಅದೇ ವೃತ್ತದ ತ್ರಿಜ್ಯ. ದೊಡ್ಡಪ್ಪನ ಶೀಲ್ಡಿನಲ್ಲಿ ನೇರ ದೂರ 480 ಮಿ.ಮೀ., ಎತ್ತರ 110. ಅಂದರೆ 2,30,400ನ್ನು 880ರಿಂದ ಭಾಗಿಸಿದರೆ ಸುಮಾರು 262, ಅದಕ್ಕೆ 55 ಸೇರಿಸಿದರೆ 317 ಮಿ.ಮೀ. ಬಾಗಿನ ಮೇಲೆ ದರ್ಜಿ ಟೇಪ್ ಹಾಕಿ ಅಳೆದರೆ 545 ಬಂತು. ಇವಿಷ್ಟೂ ಸಂಖ್ಯೆಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಹಳೇ ಹಾಳೆಯೇ ಇಲ್ಲದವರು ಗಾಡಿಯ ಮೇಲೆ ಕೂತು ರಟ್ಟಿನಲ್ಲಿ ಮಾಡಿ ನೋಡಿ. ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕೆ ಬರಲಿ. ಶೀಲ್ಡಿನ ಮೇಲಿಂದ ರಸ್ತೆ ನೋಡಬೇಕು, ಅದರ ಮೂಲಕ ಅಲ್ಲ. ಮಳೆಯಲ್ಲಿ, ಹುಳ ಬಡಿಯುವ ಸಂಜೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ರಟ್ಟು ಟ್ಯಾಂಕಿಗೆ, ಕೇಬಲ್‌ಗೆ, ಕೈಗೆ ತಾಗುತ್ತದಾ ನೋಡಿ. ಜಾವಾದಲ್ಲಿ ಕೀ ಇರುವುದು ಹೆಡ್‌ಲೈಟ್ ಡೂಮಿನ ಮೇಲೆ, ಅಲ್ಲಿಗೆ ಕೈ ಹೋಗಲು ಜಾಗ ಬಿಡಬೇಕು.

ಯಾವ ಹಾಳೆ ತರಬೇಕು

ಅಂಗಡಿಯಲ್ಲಿ "ಕಾಸ್ಟ್ ಅಕ್ರಿಲಿಕ್" ಅಂತಲೇ ಕೇಳಿ. ಅಕ್ರಿಲಿಕ್‌ನಲ್ಲಿ ಎರಡು ಬಗೆ, ಅಚ್ಚಿನಲ್ಲಿ ಎರಕ ಹೊಯ್ದದ್ದು ಮತ್ತು ಮೆಷಿನ್ನಿನಿಂದ ತಳ್ಳಿ ಎಳೆದದ್ದು. ಎಳೆದದ್ದು ಅಗ್ಗ, ಆದರೆ ಬಿಸಿಯಾದಾಗ ಒಂದು ದಿಕ್ಕಿಗೆ ಜಾಸ್ತಿ ಕುಗ್ಗುತ್ತದೆ, ಬಿರುಕೂ ಬೇಗ. ಎರಕದ್ದು ಎರಡೂ ದಿಕ್ಕಿಗೆ ಸುಮಾರು ಶೇ. 2ರಷ್ಟು ಕುಗ್ಗುತ್ತದೆ, ಅಷ್ಟೇ. ಚಿಕ್ಕ ಶೀಲ್ಡಿಗೆ 3 ಮಿ.ಮೀ., ಎತ್ತರದ್ದಕ್ಕೆ 4 ಮಿ.ಮೀ. ದಪ್ಪ. ಇಡೀ ಹಾಳೆ ಕೊಳ್ಳಬೇಕಿಲ್ಲ, ನೇಮ್‌ಬೋರ್ಡ್ ಅಂಗಡಿಗಳಲ್ಲಿ ಉಳಿದ ತುಂಡುಗಳು ಬೇಕಾದಷ್ಟು ಇರುತ್ತವೆ. ಪರೀಕ್ಷೆಗೆ ಅಂತ ಅದೇ ಹಾಳೆಯ ಎರಡು ಪಟ್ಟಿಯನ್ನೂ ಕೇಳಿ ತನ್ನಿ.

ಹಾಳೆಯನ್ನು ಬಿಸಿ ಮಾಡದೆ ಸುಮ್ನೆ ಬಾಗಿಸಿ ಬೋಲ್ಟ್ ಹಾಕಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅಕ್ರಿಲಿಕ್‌ನಲ್ಲಿ ಆಗುವುದಿಲ್ಲ. ಅದನ್ನು ತಣ್ಣಗೆ ಬಾಗಿಸುವುದಾದರೆ ತ್ರಿಜ್ಯ ದಪ್ಪದ 200 ಪಟ್ಟಿಗಿಂತ ಜಾಸ್ತಿ ಇರಬೇಕು. 3 ಮಿ.ಮೀ.ಗೆ 600. ನಮಗೆ ಬೇಕಾದದ್ದು 317. ಬಲವಂತ ಮಾಡಿದರೆ ಅವತ್ತು ಬಾಗುತ್ತದೆ, ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಇದಕ್ಕೆ ಒಗ್ಗುತ್ತದೆ. ಅದಕ್ಕೆ 100ರಿಂದ 150 ಪಟ್ಟು ಸಾಕು, ಹಾಗಾಗಿ 2 ಮಿ.ಮೀ. ಹಾಳೆ 300ರ ಬಾಗಿಗೆ ತಣ್ಣಗೇ ಬರುತ್ತದೆ. ಏಟು ತಡೆಯುವುದರಲ್ಲಿ ಅಕ್ರಿಲಿಕ್ ಅದರ ಹತ್ತಿರಕ್ಕೂ ಬರುವುದಿಲ್ಲ. ದಿನಾ ಹೈವೇಯಲ್ಲಿ ಓಡಿಸುವವರು, ಜಲ್ಲಿ ಲಾರಿಗಳ ಹಿಂದೆ ಹೋಗುವವರು ಲೇಪ ಇರುವ ಪಾಲಿಕಾರ್ಬೊನೇಟನ್ನೇ ಹಾಕಿಕೊಳ್ಳಿ, ಆದರೆ ಲೇಪ ಇದ್ದರೆ ಬಾಗಿನ ತ್ರಿಜ್ಯ ಇನ್ನೂ ದೊಡ್ಡದಿರಬೇಕು, ಹಾಳೆ ಮಾಡಿದ ಕಂಪನಿ ಕೊಟ್ಟ ಅಳತೆ ಕೇಳಿ ತಿಳಿದುಕೊಳ್ಳಿ. ಅದನ್ನು ಮನೆಯಲ್ಲಿ ಬಿಸಿ ಮಾಡಲು ಹೋಗಬೇಡಿ. ಗಾಳಿಯ ತೇವ ಹೀರಿಕೊಂಡಿರುತ್ತದೆ, ಮೊದಲು 120 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಒಣಗಿಸದಿದ್ದರೆ ಒಳಗೆಲ್ಲ ಗುಳ್ಳೆ ಏಳುತ್ತದೆ. ನನ್ನ ಮೊದಲ ಹಾಳೆ ಹೀಗೇ ಹಾಳಾಯಿತು, ತೆಗೆದು ನೋಡಿದರೆ ಸೋಡಾ ಬಾಟಲಿ ಅಲ್ಲಾಡಿಸಿದ ಹಾಗಿತ್ತು.

ಹಳೇ ಗಾಡಿಗೆ ನಾನು ಅಕ್ರಿಲಿಕ್ಕನ್ನೇ ಇಷ್ಟಪಡುತ್ತೇನೆ. ಆ ಕಾಲದ್ದೂ ಅದೇ, ಇಪ್ಪತ್ತು ವರ್ಷ ಆದಮೇಲೂ ಉಜ್ಜಿ ಹೊಳಪು ತರಬಹುದು.

ಅಚ್ಚು

ಬಿಸಿ ಹಾಳೆಯನ್ನು ಹಾಸಿ ಬಾಗು ಕೊಡುವುದಕ್ಕೆ ಮೊದಲು ಒಂದು ಅಚ್ಚು ಬೇಕು. 12 ಮಿ.ಮೀ. ಪ್ಲೈವುಡ್ಡಿನಲ್ಲಿ ನಾಲ್ಕು ಕಮಾನು ಕತ್ತರಿಸಿ. ಹಾಳೆಯ ಒಳಮೈ ಅಚ್ಚಿನ ಮೇಲೆ ಕೂರುತ್ತದೆ, ಅದಕ್ಕೇ ಮೇಲೆ ಬರುವ ತಗಡು, ಬಟ್ಟೆ ಎರಡರ ದಪ್ಪ ಕಳೆದು ಕಮಾನಿನ ತ್ರಿಜ್ಯ ಇಡಿ. ನಾಲ್ಕನ್ನೂ ಒಟ್ಟಿಗೆ ಬಿಗಿದು ಅರ ಹಾಕಿ ಒಂದೇ ಸಮ ಮಾಡಿ. ನಡುವೆ ರೀಪು ಕೊಟ್ಟು ನಿಲ್ಲಿಸಿ. ಮೇಲೆ 1 ಮಿ.ಮೀ. ಅಲ್ಯೂಮಿನಿಯಂ ತಗಡು ಹೊದಿಸಿ, ಮೊಳೆಯನ್ನು ಬದಿಗೆ ಹೊಡೆಯಿರಿ, ಮೇಲ್ಮೈಯಲ್ಲಿ ಒಂದೂ ಕಾಣಬಾರದು. ಅದರ ಮೇಲೆ ಒಗೆದ ಫ್ಲಾನಲ್ ಬಟ್ಟೆ ಎರಡು ಪದರ ಬಿಗಿಯಾಗಿ ಎಳೆದು ಕಟ್ಟಿ. ಈ ಬಟ್ಟೆಯ ಒಂದು ದಾರ ಎದ್ದಿದ್ದರೂ, ಕೆಳಗೆ ಮರದ ಪುಡಿಯ ಒಂದು ಕಾಳಿದ್ದರೂ ಬಿಸಿ ಹಾಳೆಯ ಮೇಲೆ ಅಚ್ಚೊತ್ತಿ ಕೂರುತ್ತದೆ. ಕೈಯಾಡಿಸಿ ಆಡಿಸಿ ನೋಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ಬಿಸಿ ಮಾಡಿ ಬಾಗಿಸುವುದು

ಅಡುಗೆಮನೆ ಓವನ್ನಿಗೆ ಈ ಹಾಳೆ ಹಿಡಿಸುವುದೂ ಇಲ್ಲ, ಇದರ ಹೊಗೆ ಅನ್ನ ಬೇಯಿಸುವ ಜಾಗಕ್ಕೆ ಬೇಡವೂ ಬೇಡ. ಬೇಕರಿ ಓವನ್ ಕೂಡ ಅದೇ ಕಾರಣಕ್ಕೆ ಬೇಡ. ನನಗೆ ಸಿಕ್ಕ ಒಳ್ಳೇ ದಾರಿ ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿ ಬಣ್ಣ ಹಾಕಿ ಓವನ್ನಿನಲ್ಲಿ ಬೇಯಿಸುವುದು) ಮಾಡುವವರು. ಪೀಣ್ಯದಲ್ಲಿ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇಂಥವರು ಇದ್ದಾರೆ. ಅವರ ಓವನ್ ಬಾಗಿಲಿನಷ್ಟು ದೊಡ್ಡದು, ಉಷ್ಣತೆ ಕಂಟ್ರೋಲ್ ಇರುತ್ತದೆ. ಅವರು ಪೌಡರಿಗೆ 180ರಿಂದ 200 ಡಿಗ್ರಿ ಇಡುತ್ತಾರೆ, ನಮಗೆ ಬೇಕಾದದ್ದು 160ರಿಂದ 170. ಅವರ ಕೆಲಸ ಮುಗಿದ ಸಂಜೆ, ಓವನ್ ಇಳಿಯುತ್ತಿರುವ ಹೊತ್ತಿಗೆ ಹೋಗಿ ಕೇಳಿಕೊಳ್ಳಿ. ಒಳಗೆ ಒಣ ಪೌಡರ್ ಹಾರುತ್ತಿದ್ದರೆ ಬೇಡ, ಹಾಳೆಗೆ ಅಂಟುತ್ತದೆ.

ಹಾಳೆಯನ್ನು ನಕ್ಷೆಗಿಂತ ಪ್ರತಿ ಬದಿಗೆ 25 ಮಿ.ಮೀ. ದೊಡ್ಡದಾಗಿ ಕತ್ತರಿಸಿ ತನ್ನಿ. ತೂತು ಈಗ ಕೊರೆಯಬೇಡಿ, ಬಿಸಿಯಲ್ಲಿ ಮೊಟ್ಟೆಯಾಕಾರ ಆಗುತ್ತವೆ. ಮಳೆಗಾಲವಾಗಿದ್ದರೆ, ಅದರಲ್ಲೂ ಮಲೆನಾಡಿನಲ್ಲಿದ್ದರೆ, ಅಕ್ರಿಲಿಕ್ ಕೂಡ ತೇವ ಹಿಡಿದಿರುತ್ತದೆ. ಮೊದಲು 80 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿಕೊಳ್ಳಿ. ನಾನಂತೂ ಈ ಕೆಲಸವನ್ನು ಮಾರ್ಚ್, ಏಪ್ರಿಲ್‌ಗೇ ಇಟ್ಟುಕೊಳ್ಳುತ್ತೇನೆ.

ರಕ್ಷಣೆಯ ಕಾಗದ ಎರಡೂ ಬದಿಯಿಂದ ಕಿತ್ತು, ಅಂಟು ಉಳಿದಿದ್ದರೆ ಸೋಪಿನ ನೀರಲ್ಲಿ ತೊಳೆದು ಒರೆಸಿ. ಫ್ಲಾನಲ್ ಹೊದಿಸಿದ ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಒಳಗಿಡಿ. ಪಕ್ಕದಲ್ಲೇ ಪರೀಕ್ಷೆಯ ಪಟ್ಟಿಯನ್ನೂ ಇಡಿ. 3 ಮಿ.ಮೀ.ಗೆ 15ರಿಂದ 20 ನಿಮಿಷ ಅಂದುಕೊಳ್ಳಿ, ಆದರೆ ಗಡಿಯಾರಕ್ಕಿಂತ ಪಟ್ಟಿಯನ್ನು ನಂಬಿ. ಇಕ್ಕಳದಲ್ಲಿ ಎತ್ತಿದಾಗ ಅದು ಒದ್ದೆ ಚರ್ಮದ ಹಾಗೆ ಜೋತುಬಿದ್ದರೆ ಹದ ಬಂತು. ಬಿಳಿ ಗುಳ್ಳೆ ಕಂಡರೆ ಬಿಸಿ ಜಾಸ್ತಿಯಾಗಿದೆ.

ಇಲ್ಲಿ ಇಬ್ಬರು ಬೇಕು, ಒಬ್ಬರಿಂದ ಆಗುವುದಿಲ್ಲ. ಕೈಗೆ ದಪ್ಪ ಚರ್ಮದ ಗ್ಲೌಸು, ಅದರ ಮೇಲೆ ತೊಳೆದ ಹತ್ತಿ ಗ್ಲೌಸು. ಅಚ್ಚು ತಣ್ಣಗಿರಬಾರದು, ಓವನ್ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡಿಕೊಂಡಿರಿ. ಫ್ಯಾನ್ ಆರಿಸಿ. ಬಾಗಿಲು ತೆಗೆದು ಎರಡು ಮೂಲೆ ನೀವು, ಎರಡು ಮೂಲೆ ಅವರು ಹಿಡಿದು, ಮಧ್ಯದ ಗುರುತಿಗೆ ಸರಿಯಾಗಿ ಅಚ್ಚಿನ ಮೇಲೆ ಹಾಸಿ. ಹೆಚ್ಚೆಂದರೆ ಅರ್ಧ ನಿಮಿಷ ಸಿಗುತ್ತದೆ. ಎಳೆಯಬೇಡಿ, ಒತ್ತಬೇಡಿ. ಅದರ ಭಾರಕ್ಕೆ ಅದೇ ಕೂರುತ್ತದೆ. ಅಂಚುಗಳು ಮೇಲೇಳುತ್ತಿದ್ದರೆ ಫ್ಲಾನಲ್ ಸುತ್ತಿದ ರೀಪನ್ನು ಎರಡೂ ಬದಿಗೆ ಒತ್ತಿ ಹಿಡಿಯಿರಿ. ಆಮೇಲೆ ಒಂದು ಕಂಬಳಿ ಹೊದಿಸಿ ಬಿಟ್ಟುಬಿಡಿ. ನೀರು ಚಿಮುಕಿಸುವುದು, ಒದ್ದೆ ಬಟ್ಟೆ ಹಾಕುವುದು ಬೇಡವೇ ಬೇಡ. ಮೇಲ್ಭಾಗ ಬೇಗ ತಣ್ಣಗಾಗಿ ಕೆಳಭಾಗ ಬಿಸಿ ಉಳಿದರೆ ಅದೇ ಬಿಗಿ. ಕೈ ಇಟ್ಟರೆ ಬರೀ ಬೆಚ್ಚಗೆ ಅನ್ನಿಸುವ ತನಕ ಎತ್ತಬೇಡಿ.

ಸರಿ ಬರಲಿಲ್ಲವಾ? ಮತ್ತೆ ಓವನ್ನಿಗೆ ಹಾಕಿ. ಅಕ್ರಿಲಿಕ್ ಬಿಸಿಯಾದರೆ ಮೊದಲಿನ ಹಾಗೆ ಚಪ್ಪಟೆ ಆಗುತ್ತದೆ, ಇನ್ನೊಂದು ಸಲ ಮಾಡಬಹುದು. ನನಗೆ ಮೂರನೇ ಸಲಕ್ಕೆ ಬಂತು.

ಕತ್ತರಿಸುವುದು, ಕೊರೆಯುವುದು

ಕಾಗದದ ನಕ್ಷೆಯನ್ನು ಹೊಸ ಬಾಗಿನ ಮೇಲೆ ಅಂಟಿಸಿ ಗೆರೆ ಎಳೆಯಿರಿ. ಸಣ್ಣ ಹಲ್ಲಿನ ಜಿಗ್‌ಸಾ ಬ್ಲೇಡ್, ನಿಧಾನ ವೇಗ, ಹಾಳೆಯನ್ನು ಅಚ್ಚಿನ ಮೇಲೇ ಇಟ್ಟು ಕತ್ತರಿಸಿ. ಗೆರೆಯಿಂದ 2 ಮಿ.ಮೀ. ಆಚೆಗೆ ಹೋಗಿ, ಉಳಿದದ್ದನ್ನು ಅರದಿಂದ ತನ್ನಿ. ಅಂಚನ್ನು ಚಾಕುವಿನ ಬೆನ್ನಿನಿಂದ ಕೆರೆದು, ದುಂಡಗೆ ಮಾಡಿ, ವಾಟರ್ ಪೇಪರಿನಲ್ಲಿ 1000ದ ತನಕ ಒಯ್ಯಿರಿ. ಅಂಚಿನಲ್ಲಿ ಉಳಿಯುವ ಒಂದು ಸಣ್ಣ ಕಚ್ಚಿನಿಂದಲೇ ಮುಂದೆ ಬಿರುಕು ಹುಟ್ಟುವುದು. ಬೆಂಕಿ ಜ್ವಾಲೆ ಆಡಿಸಿ ಅಂಚು ಹೊಳಪು ಮಾಡುವುದನ್ನು ಬೋರ್ಡ್ ಅಂಗಡಿಯಲ್ಲಿ ನೋಡಿರುತ್ತೀರಿ, ಚೆನ್ನಾಗಿ ಕಾಣುತ್ತದೆ, ಆದರೆ ಅಂಚಿನೊಳಗೆ ಬಿಗಿ ತುಂಬುತ್ತದೆ. ಲೇಸರ್ ಕಟ್ ಅಂಚಿಗೂ ಇದೇ ತೊಂದರೆ.

ತೂತುಗಳಿಗೆ ಕಬ್ಬಿಣಕ್ಕೆ ಬಳಸುವ ಚೂಪು ಡ್ರಿಲ್ ಬಿಟ್ ಹಾಗೇ ಹಾಕಬೇಡಿ, ಆಚೆ ಬದಿಗೆ ಹೊರಬರುವಾಗ ಕಚ್ಚಿ ಎಳೆದು ಚೂರು ಹಾರಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್ ಒಳ್ಳೆಯದು. ಹಿಂದೆ ಮರದ ತುಂಡು ಒತ್ತಿ ಹಿಡಿದು ನಿಧಾನಕ್ಕೆ ಕೊರೆಯಿರಿ. ತೂತಿನ ಮಧ್ಯದಿಂದ ಅಂಚಿಗೆ ತೂತಿನ ಅಗಲದ ಎರಡು ಪಟ್ಟಾದರೂ ಜಾಗ ಇರಲಿ.

ತೂತು ಬೋಲ್ಟಿಗಿಂತ ದೊಡ್ಡದಿರಬೇಕು. 6 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ತೂತು. ಯಾಕೆ ಅಂದರೆ ಅಕ್ರಿಲಿಕ್ ಬಿಸಿಲಿಗೆ ಹಿಗ್ಗುವುದು ಕಬ್ಬಿಣಕ್ಕಿಂತ ತುಂಬಾ ಜಾಸ್ತಿ. ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿತು ಅಂದುಕೊಳ್ಳಿ, ನಮ್ಮ 545 ಮಿ.ಮೀ. ಹಾಳೆ 1 ಮಿ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ. ಅದಕ್ಕೆ ಜರುಗಲು ಜಾಗ ಇಲ್ಲದಿದ್ದರೆ ಬೋಲ್ಟಿನ ಮೇಲೆ ಒತ್ತುತ್ತದೆ. ದೊಡ್ಡಪ್ಪನ ಹಳೇ ಹಾಳೆಯಲ್ಲಿ ತೂತು ಬೋಲ್ಟಿಗೆ ಸರಿಯಾಗಿ ಬಿಗಿಯಾಗಿತ್ತು. ಎರಡು ಬಿರುಕೂ ಅಲ್ಲಿಂದಲೇ ಹೊರಟಿದ್ದವು.

ಕತ್ತರಿಸಿ ಕೊರೆದ ಮೇಲೆ, ಓವನ್ ಸಿಗುವುದಾದರೆ, ಇನ್ನೊಂದು ಸಲ ಅಚ್ಚಿನ ಮೇಲೆ ಕೂರಿಸಿ 80 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಇಟ್ಟು, ಓವನ್ ಆರಿಸಿ ರಾತ್ರಿಯಿಡೀ ಒಳಗೇ ಬಿಡಿ. ಈ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಇಷ್ಟೂ ಕೆಲಸದಲ್ಲಿ ಸೇರಿದ ಬಿಗಿ ಹೊರಗೆ ಹೋಗುವುದು ಇದರಿಂದಲೇ.

ಕಬ್ಬಿಣದ ಭಾಗಗಳು

ಶೀಲ್ಡನ್ನು ಹ್ಯಾಂಡಲ್‌ಗೆ ಹಿಡಿದಿಡುವ ಕ್ಲಾಂಪು, ಸರಳುಗಳ ತುಕ್ಕು ತೆಗೆದು ಮತ್ತೆ ಕ್ರೋಮ್ ಮಾಡಿಸಿ. ಕೆಳಗೆ ತಾಮ್ರ, ನಿಕ್ಕಲ್ ಲೇಪ ಹಾಕಿದ ಮೇಲೆ ಕ್ರೋಮ್ ಮಾಡುವವರ ಹತ್ತಿರ ಹೋಗಿ, ಬರೀ ಮೇಲಿನ ಹೊಳಪು ಎರಡು ಮಳೆಗಾಲ ಬಾಳುವುದಿಲ್ಲ. ಹಾಳೆ ಅಡ್ಡಕ್ಕೆ ಹಿಡಿಯುವ ಅಲ್ಯೂಮಿನಿಯಂ ಪಟ್ಟಿಯನ್ನು ಅಚ್ಚಿನ ಮೇಲೇ ಇಟ್ಟು ಬಾಗಿಸಿಕೊಳ್ಳಿ. ಹ್ಯಾಂಡಲ್ ಪೈಪು ಸಾಮಾನ್ಯವಾಗಿ 22 ಮಿ.ಮೀ., ಆದರೂ ಅಳೆದೇ ಕ್ಲಾಂಪು ಮಾಡಿಸಿ, ಒಳಗೆ ತೆಳು ರಬ್ಬರ್ ಕೊಡಿ. ಹಳೇ ಬುಲೆಟ್ಟಿನ ಬೋಲ್ಟುಗಳಲ್ಲಿ ಇಂಚಿನ ಲೆಕ್ಕದ ಬ್ರಿಟಿಷ್ ಥ್ರೆಡ್ ಇರುತ್ತದೆ, ಮಿಲಿಮೀಟರ್ ನಟ್ಟನ್ನು ಬಲವಂತವಾಗಿ ಹತ್ತಿಸಬೇಡಿ.

ರಬ್ಬರ್ ಅಂತ ಅಂಗಡಿಯಲ್ಲಿ ಕೊಡುವ ಮೆತ್ತನೆ ಪಿವಿಸಿ ಬೀಡಿಂಗನ್ನು ಹಾಳೆಯ ಅಂಚಿಗೆ ಹಾಕಬೇಡಿ. ಅದನ್ನು ಮೆತ್ತಗಿಡಲು ಬೆರೆಸಿರುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಅಕ್ರಿಲಿಕ್‌ಗೆ ಇಳಿದು ಅಂಚಿಗುಂಟ ಬಿರುಕು ತರುತ್ತದೆ. ಇಪಿಡಿಎಂ ರಬ್ಬರ್ ಅಂತ ಕೇಳಿ. ವಾಷರ್‌ಗೂ ಅದೇ, ಇಲ್ಲವೇ ನೈಲಾನ್. ನಟ್ಟು ಸಡಿಲವಾಗದಿರಲು ಹಚ್ಚುವ ಥ್ರೆಡ್ ಲಾಕ್ ದ್ರವವೂ ಈ ಪ್ಲಾಸ್ಟಿಕ್‌ಗಳಿಗೆ ವಿಷ. ಅದರ ಬದಲು ನೈಲಾನ್ ಲಾಕ್ ನಟ್ಟು ಹಾಕಿ.

ಕೂರಿಸುವುದು

ಮೊದಲು ಕ್ಲಾಂಪು, ಸರಳುಗಳನ್ನು ಹ್ಯಾಂಡಲ್‌ಗೆ ಹಾಕಿ ಬಿಗಿ ಮಾಡಿ. ಆಮೇಲೆ ಹಾಳೆಯನ್ನು ಹಿಡಿದು ನೋಡಿ. ತೂತುಗಳು ತಾವಾಗಿಯೇ ಎದುರುಬದುರು ಬರಬೇಕು. ಬರದಿದ್ದರೆ ಸರಳನ್ನು ಬಿಚ್ಚಿ ಬಾಗಿಸಿ ತನ್ನಿ, ಹಾಳೆಯನ್ನು ಎಳೆದು ಬೋಲ್ಟ್ ತೂರಿಸಬೇಡಿ. ನಾನು ಒಂದು ಮಧ್ಯಾಹ್ನ ಪೂರ್ತಿ ಬರೀ 4 ಮಿ.ಮೀ. ವ್ಯತ್ಯಾಸಕ್ಕೆ ಸರಳು ಬಾಗಿಸುತ್ತಾ ಕೂತಿದ್ದೆ. ಲೋಹದ ವಾಷರ್, ರಬ್ಬರ್ ವಾಷರ್, ಹಾಳೆ, ರಬ್ಬರ್ ವಾಷರ್, ಲೋಹದ ವಾಷರ್, ನಟ್ಟು, ಈ ಕ್ರಮ. ನೈಲಾನ್ ನಟ್ಟು ಬೆರಳಿಗೆ ತಿರುಗುವುದಿಲ್ಲ, ಸ್ಪ್ಯಾನರಿನಲ್ಲೇ ನಿಧಾನಕ್ಕೆ ತನ್ನಿ. ರಬ್ಬರಿಗೆ ತಾಗಿದ ಮೇಲೆ ಅರ್ಧ ಸುತ್ತು, ಸಾಕು. ರಬ್ಬರ್ ಹೊರಗೆ ಉಬ್ಬಿದರೆ ಜಾಸ್ತಿಯಾಯಿತು ಅಂತ.

ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಕ್ಲಚ್ ಕೇಬಲ್ ಎಳೆದುಕೊಳ್ಳುತ್ತದಾ, ಬ್ರೇಕ್ ಹಿಡಿದಾಗ ಬೆರಳು ಹಾಳೆಗೆ ತಾಗುತ್ತದಾ ನೋಡಿ. ಮೊದಲ ಓಟ ಖಾಲಿ ರಸ್ತೆಯಲ್ಲಿ, ಗಾಳಿ ಇಲ್ಲದ ಬೆಳಗ್ಗೆ. ಈ ಶೀಲ್ಡ್ ಹ್ಯಾಂಡಲ್ ಜತೆಗೇ ತಿರುಗುವುದರಿಂದ ಪಕ್ಕದ ಗಾಳಿ ನೇರ ಸ್ಟೇರಿಂಗಿಗೆ ಬಡಿಯುತ್ತದೆ. 40ರಲ್ಲಿ ಹೋಗಿ, ಆಮೇಲೆ 50, 60. ಹ್ಯಾಂಡಲ್ ನಡುಗಲು ಶುರುವಾದರೆ ಥ್ರಾಟಲ್ ನಿಧಾನಕ್ಕೆ ಬಿಡಿ, ನಿಲ್ಲಿಸಿ, ಶೀಲ್ಡನ್ನು ಒಂದಿಷ್ಟು ಹಿಂದಕ್ಕೆ ಓರೆ ಮಾಡಿ ನೋಡಿ. ಆದರೂ ಹೋಗದಿದ್ದರೆ ಎತ್ತರ ಜಾಸ್ತಿಯಾಗಿದೆ ಅಥವಾ ಗಾಡಿಯ ಸ್ಟೇರಿಂಗ್ ಬೇರಿಂಗ್ ಸವೆದಿದೆ, ಎರಡನ್ನೂ ನೋಡಬೇಕು. 100 ಕಿ.ಮೀ. ಆದ ಮೇಲೆ ಎಲ್ಲ ನಟ್ಟು ಮತ್ತೆ ಮುಟ್ಟಿ ನೋಡಿ.

ತೊಳೆಯುವಾಗ ಮೊದಲು ಬರೀ ನೀರು ಸುರಿದು ಧೂಳು ಇಳಿಸಿ, ಆಮೇಲೆ ಸೋಪು, ಮೆತ್ತನೆ ಬಟ್ಟೆ. ಒಣ ಧೂಳಿನ ಮೇಲೆ ಬಟ್ಟೆ ಆಡಿಸಿದರೆ ವಾಟರ್ ಪೇಪರ್ ಹಾಕಿದಂತೆಯೇ. ಕಿಟಕಿ ಗಾಜಿಗೆ ಬಳಸುವ ಸ್ಪ್ರೇಗಳಲ್ಲಿ ಅಮೋನಿಯಾ ಅಥವಾ ಆಲ್ಕೊಹಾಲ್ ಇರಬಹುದು, ಅವು ಬೇಡ. ಪೆಟ್ರೋಲ್ ಹಾಕಿಸುವಾಗ ಹನಿ ಹಾರಿದರೆ ತಕ್ಷಣ ನೀರು ಹಾಕಿ.

ಅಚ್ಚನ್ನು ಬಿಚ್ಚಿ ಸೌದೆಗೆ ಹಾಕಬೇಡಿ. ನಾನು ಅದರ ಬದಿಗೆ ಮಾರ್ಕರಿನಲ್ಲಿ "ಜಾವಾ, 317, ಅಗಲ 545" ಅಂತ ಬರೆದು, ಕಾಗದದ ನಕ್ಷೆ ಸುತ್ತಿ ಒಳಗಿಟ್ಟಿದ್ದೇನೆ. ಆಗಲೇ ಇಬ್ಬರು ಯೆಜ್ಡಿಯವರು ಒಯ್ದು ತಂದುಕೊಟ್ಟರು. ಹಳೇ ಹಾಳೆ ಅದೇ ಪಂಚೆಯಲ್ಲಿ ಮತ್ತೆ ಅಟ್ಟಕ್ಕೆ ಹೋಗಿದೆ.